‘ಅಣಕು’ ಸಾಕ್ಷ್ಯಚಿತ್ರವೋ, ‘ಹುಸಿ’ ಸಾಕ್ಷ್ಯಚಿತ್ರವೋ?

ಗೆಳೆಯರೇ, ಒಂದು ಪದಕ್ಕಾಗಿ ತಡಕಾಡುತ್ತಿದ್ದೇನೆ.

ನಮ್ಮ ಬಡಾವಣೆಯಲ್ಲಿ ತಿಂಗಳಿಗೊಂದು ಸಿನಿಮಾ ನೋಡುವ ಸಣ್ಣ ಗುಂಪಿದೆ. ಈ ಸಲ ‘ಎ ಮೈಟಿ ವಿಂಡ್’, ಕ್ರಿಸ್ಟೋಫರ್ ಗೆಸ್ಟ್ ನಿರ್ದೇಶನದ 2003ರ ಅಮೆರಿಕನ್ ಚಿತ್ರ. ಒಂದು ಪುಟದ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. ಕಟ್ಟುಕತೆಯನ್ನು ನಿಜವಾದ ಸಾಕ್ಷ್ಯಚಿತ್ರದ ಹಾಗೇ ತೆಗೆದು ನಗಿಸುವ ‘ಮಾಕ್ಯುಮೆಂಟರಿ’ಗೆ ಕನ್ನಡದಲ್ಲಿ ಏನನ್ನೋಣ?

ಕತೆ ಇಷ್ಟೇ. ‘ಫೋಕ್’ ಹಾಡುಗಾರರನ್ನು ಬೆಳೆಸಿದ್ದ ಹಿರಿಯನೊಬ್ಬ ತೀರಿಕೊಳ್ಳುತ್ತಾನೆ. ಅವನ ನೆನಪಿಗೆ ಮಗ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟುಕೊಳ್ಳುತ್ತಾನೆ. 1960ರ ದಶಕದ ಮೂರು ತಂಡಗಳು ಮತ್ತೆ ವೇದಿಕೆ ಹತ್ತಬೇಕು. ತಂಡಗಳೆಲ್ಲ ಕಟ್ಟುಕತೆ. ಆದರೆ ಕ್ಯಾಮೆರಾ ಮಾತ್ರ ಅಪ್ಪಟ ಸಾಕ್ಷ್ಯಚಿತ್ರದ್ದೇ. ಒಂದು ತಂಡದವರು ತಮ್ಮ ಹಳೆಯ ರೆಕಾರ್ಡುಗಳ ಬಗ್ಗೆ ಹೇಳುತ್ತಾರೆ: ಕಂಪನಿ ನಡುವೆ ತೂತು ಕೊರೆಯದೇ ಮಾರುತ್ತಿತ್ತಂತೆ, ಕೊಂಡವರೇ ಕೊರೆದುಕೊಳ್ಳಬೇಕಿತ್ತಂತೆ. ಹೇಳುವವರು ಯಾರೂ ನಗುವುದಿಲ್ಲ. ಮಾತು ಹೆಚ್ಚಾಗಿ ನಟರು ಅಲ್ಲಲ್ಲೇ ಕಟ್ಟಿದ್ದು. ನಮ್ಮ ತಾಳಮದ್ದಳೆ ಥರ, ಪ್ರಸಂಗ ಗೊತ್ತು, ಅರ್ಥ ಅವರವರದು.

ಮೊದಲು ‘ಅಣಕು ಸಾಕ್ಷ್ಯಚಿತ್ರ’ ಅಂತ ಬರೆದೆ. ಓದಿ ಹೇಳಿದರೆ ಅತ್ತಿಗೆ ಕೇಳಿದರು, “ಯಾರನ್ನ ಆಡ್ಕೊಂಡಿದಾರೆ?” ನ್ಯಾಯವಾದ ಪ್ರಶ್ನೆ. ಅಣಕಿಸೋದು ಅಂದರೆ ಎದುರಿಗೊಬ್ಬರು ಇರಬೇಕು. ಹಾಗಂತ ‘ಅಣಕು ಸಂಸತ್ತು’, ‘ಅಣಕು ಪ್ರದರ್ಶನ’ದಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುವುದಿಲ್ಲ. ಅಲ್ಲಿ ‘ನಿಜದ್ದರ ಹಾಗೇ’ ಅನ್ನುವಷ್ಟೇ ಅರ್ಥ. ಶಾಲೆ ಮಕ್ಕಳು ಗಂಭೀರವಾಗಿ ಮಸೂದೆ ಮಂಡಿಸುತ್ತಾರೆ ಪಾಪ. ಒಂದೇ ಪದಕ್ಕೆ ಒಂದು ಕಡೆ ಕುಚೋದ್ಯ, ಇನ್ನೊಂದು ಕಡೆ ತಾಲೀಮು. ಈ ಚಿತ್ರ ಎರಡೂ ಅಲ್ಲ.

ಆಮೇಲೆ ‘ಹುಸಿ’ ಹೊಳೆಯಿತು. ಹುಸಿಮುನಿಸು, ಹುಸಿಗೋಪ ಅಂತೀವಲ್ಲ. ಒಳಗೆ ಪ್ರೀತಿ ಇದ್ದು ಮೇಲೆ ಮಾತ್ರ ಆಡುವ ಆಟ ಅದು. ಚಿತ್ರದ ಸ್ವಭಾವಕ್ಕೆ ಇದು ಚೆನ್ನಾಗಿ ಕೂರುತ್ತದೆ. ಮಿಚ್, ಮಿಕಿ ಅನ್ನುವ ಜೋಡಿ ಹಿಂದೆ ಪ್ರೇಮಿಗಳಾಗಿದ್ದವರು, ಈಗ ಬೇರೆ. ಅವರ ಹಾಡಿನ ನಡುವೆ ಒಂದು ಮುತ್ತಿನ ಜಾಗ ಬರುತ್ತದೆ. ಈಗಲೂ ಕೊಡುತ್ತಾರಾ ಅಂತ ಎಲ್ಲರಿಗೂ ಕುತೂಹಲ. ವೇದಿಕೆ ಹತ್ತುವ ಹೊತ್ತಿಗೆ ಮಿಚ್ ನಾಪತ್ತೆ. ನೋಡಿದರೆ ಅವಳಿಗೊಂದು ಗುಲಾಬಿ ತರೋಕೆ ಹೋಗಿರುತ್ತಾನೆ. ಇದನ್ನು ಅಣಕ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ. ಆದರೆ ‘ಹುಸಿ ಸಾಕ್ಷ್ಯಚಿತ್ರ’ ಅಂದಾಗ ಅತ್ತಿಗೆ, “ಅಂದ್ರೆ ಮೋಸಾನಾ?” ಅಂದರು. ಪತ್ರಿಕೆಗಳ ‘ಹುಸಿ ಬಾಂಬ್ ಕರೆ’ ಈ ಪದವನ್ನು ಕೆಡಿಸಿಬಿಟ್ಟಿದೆ.

ಇನ್ನೊಂದು ತೊಡಕು ‘ಫೋಕ್’. ‘ಜನಪದ ಗಾಯಕರು’ ಅಂದರೆ ನಮ್ಮ ಕಣ್ಣಿಗೆ ಕಂಸಾಳೆ, ತಂಬೂರಿ ಬರುತ್ತವೆ. ಇವರೋ ಗಿಟಾರ್ ಹಿಡಿದ ಪೇಟೆಯವರು, ಸ್ವಂತ ಹಾಡು ಬರೆದವರು. ಸದ್ಯ ‘ಫೋಕ್ ಹಾಡುಗಾರರು’ ಅಂತಲೇ ಬಿಟ್ಟಿದ್ದೇನೆ. ತಂಡಗಳು ಮತ್ತೆ ಸೇರುವುದಕ್ಕೆ ‘ಪುನರ್ಮಿಲನ’ ಅಂದರೆ ಹಳೆಯ ವಿದ್ಯಾರ್ಥಿಗಳ ಊಟದ ನೆನಪು ಬರುತ್ತದೆ ಅಂತ ‘ಮುರಿದ ಮೇಳ ಮತ್ತೆ ಕೂಡಿತು’ ಅಂದೆ. ಇದರಲ್ಲಿ ನನಗೆ ಅನುಮಾನವಿಲ್ಲ.

‘ಹುಸಿ’ ಒಂದೇ ಉಳಿದಿರೋದು. ಹುಸಿಮುನಿಸಿನ ಆ ಹುಸಿ ನಿಮ್ಮ ಕಡೆ ಮಾತಲ್ಲಿ ಈಗಲೂ ಇದೆಯಾ? ಇದ್ದರೆ ಯಾವ ಯಾವ ಪದದ ಜೊತೆ ಬರುತ್ತೆ? ಶನಿವಾರದೊಳಗೆ ಹೇಳಿದರೆ ಅಚ್ಚಿಗೆ ಕೊಡುವ ಮುಂಚೆ ತಿದ್ದಿಕೊಳ್ಳುತ್ತೇನೆ.