ರಿಪೋರ್ಟ್ ನಾರ್ಮಲ್, ಬೆರಳು ಮಾತ್ರ ಊದಿತ್ತು

ದೊಡ್ಡಪ್ಪ: (ಫಾರ್ವರ್ಡ್) ಕೀಲುನೋವೇ? ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದರೆ ರುಮಟಾಯ್ಡ್ ಸಂಧಿವಾತ ಇಲ್ಲವೇ ಇಲ್ಲ. ಎಲ್ಲರಿಗೂ ಕಳಿಸಿ.

ನಾನು: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಮುಂದೆ ಕಳಿಸಬೇಡಿ. ನನಗೂ ನೆಗೆಟಿವ್ ಬಂದಿತ್ತು, ಆದರೂ ಆ ಕಾಯಿಲೆ ಇತ್ತು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ ಅದು. ಏನೂ ಇಲ್ಲ ಅಂತ ನೋವಿನ ಮಾತ್ರೆ ಬರೆದುಕೊಟ್ಟರು. ಹತ್ತು ತಿಂಗಳು ಹಾಗೇ ಹೋಯಿತು. ಬೆಳಿಗ್ಗೆ ಪೇಸ್ಟಿನ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಮುಷ್ಟಿ ಕಟ್ಟಲು ಒಂದು ಗಂಟೆ ಬೇಕಿತ್ತು. ಅಷ್ಟರಲ್ಲಿ ಎರಡು ಬೆರಳಿನ ಮೂಳೆ ಸವೆದಿತ್ತು. ಅದು ಇನ್ನು ಮೊದಲಿನಂತೆ ಆಗುವುದಿಲ್ಲ.

ದೊಡ್ಡಪ್ಪ: ಹಾಗಾದರೆ ಪರೀಕ್ಷೆ ಯಾಕೆ? ದುಡ್ಡು ದಂಡ ಅಲ್ವಾ?

ಅತ್ತೆ: ನನಗೆ ಪಾಸಿಟಿವ್ ಬಂದಿದೆ! ಸುಮ್ನೆ ಚೆಕಪ್ ಪ್ಯಾಕೇಜಿನಲ್ಲಿ ಮಾಡಿಸಿದ್ದು. ಎರಡು ವಾರದಿಂದ ನಿದ್ದೆ ಇಲ್ಲ.

ಅಕ್ಕ: ಅತ್ತೆ, ನಾನು ದಿನಾ ಲ್ಯಾಬಿನಲ್ಲಿ ಇದನ್ನೇ ನೋಡುತ್ತೇನೆ. ಕೀಲು ಊತ ಇದೆಯಾ?

ಅತ್ತೆ: ಇಲ್ಲ. ಮೆಟ್ಟಿಲು ಹತ್ತಿದರೆ ಮಂಡಿ ನೋವು, ಅಷ್ಟೇ.

ಅಕ್ಕ: ಆರೋಗ್ಯವಾಗಿರುವ 100 ಜನರಲ್ಲಿ ಸುಮಾರು 5 ಜನಕ್ಕೆ ಈ ಫ್ಯಾಕ್ಟರ್ ಪಾಸಿಟಿವ್ ಇರುತ್ತದೆ. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕು ಇದ್ದರೂ ಪಾಸಿಟಿವ್ ಬರುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ, ಆದರೆ ಆ ಕಾಗದ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.
ದೊಡ್ಡಪ್ಪ, ದಂಡ ಅಲ್ಲ. ಆಂಟಿ ಸಿಸಿಪಿ ಅಂತ ಇನ್ನೊಂದು ರಕ್ತಪರೀಕ್ಷೆ ಇದೆ. ಕೀಲು ಊದಿದ್ದು ಅದೂ ಪಾಸಿಟಿವ್ ಆದರೆ ಕಾಯಿಲೆ ಹೆಚ್ಚುಕಡಿಮೆ ಖಚಿತ, ಮೂಳೆ ಸವೆಯುವ ಅಪಾಯವೂ ಜಾಸ್ತಿ. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ಹೇಳುತ್ತವೆ, ಯಾವ ಕಾಯಿಲೆ ಎಂದಲ್ಲ. ರಕ್ತ ಕಡಿಮೆ ಇದ್ದರೂ ಇಎಸ್‌ಆರ್ ಏರುತ್ತದೆ.

ದೊಡ್ಡಪ್ಪ: ಎರಡೂ ನೆಗೆಟಿವ್ ಆದರೆ ಇಲ್ಲ ಅಂತ ತಾನೇ?

ನಾನು: ಅಲ್ಲ ದೊಡ್ಡಪ್ಪ, ನನಗೆ ಎರಡೂ ನೆಗೆಟಿವ್. 2010ರಿಂದ ಡಾಕ್ಟರುಗಳು 10 ಅಂಕದ ಒಂದು ಲೆಕ್ಕ ಬಳಸುತ್ತಾರೆ. 6 ಬಂದರೆ ಈ ಕಾಯಿಲೆ. ರಕ್ತಪರೀಕ್ಷೆ ಎಲ್ಲ ಸೇರಿದರೂ ಸಿಗುವುದು 4 ಮಾತ್ರ. ಊದಿದ, ಒತ್ತಿದರೆ ನೋಯುವ ಕೀಲುಗಳಿಗೇ 5ರವರೆಗೆ ಇದೆ. ತೊಂದರೆ ಶುರುವಾಗಿ ಆರು ವಾರ ದಾಟಿದ್ದರೆ ಇನ್ನೊಂದು ಅಂಕ. ಕೊನೆಗೆ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞರು, ನನ್ನ ಫೈಲ್ ಪಕ್ಕಕ್ಕಿಟ್ಟು ಬೆರಳಿನ ಗೆಣ್ಣುಗಳನ್ನು ಒಂದೊಂದೇ ಒತ್ತಿ ನೋಡಿದರು. ಅಲ್ಲಿಯವರೆಗೆ ಯಾರೂ ನನ್ನ ಕೈ ಮುಟ್ಟಿಯೇ ಇರಲಿಲ್ಲ.

ದೊಡ್ಡಪ್ಪ: ನಿನ್ನ ದೊಡ್ಡಮ್ಮನಿಗೂ ನೆಗೆಟಿವ್ ಬಂದಿತ್ತು ಕಣಮ್ಮ. ಆ ಸಮಾಧಾನಕ್ಕೇ ಇದನ್ನು ಹಾಕಿದೆ. ಬೆಳಿಗ್ಗೆ ಅವಳಿಗೆ ಲೋಟ ಹಿಡಿಯಲು ಆಗುವುದಿಲ್ಲ.

ನಾನು: ಎಷ್ಟು ದಿನದಿಂದ ದೊಡ್ಡಪ್ಪ? ಎರಡೂ ಕೈಯಾ? ಫೋನ್ ದೊಡ್ಡಮ್ಮನಿಗೆ ಕೊಡಿ, ಈಗಲೇ ಮಾಡುತ್ತೇನೆ.