ಲ್ಯಾಬ್‌ನಲ್ಲೇ ಮಾಡಿದ ಎನ್‌ಮಾಸ್ ಟ್ರಾನ್ಸಿಸ್ಟರ್: ಸಿಮ್ಯುಲೇಷನ್‌ಗೆ ಯಾವ ಸಾಫ್ಟ್‌ವೇರ್?

ಮೆಟಲ್‌ಗೇಟ್ (ಪ್ರಶ್ನೆ)

ಲ್ಯಾಬ್‌ನಲ್ಲಿ ಮಾಡಿದ ಎನ್‌ಮಾಸ್ ಟ್ರಾನ್ಸಿಸ್ಟರ್‌ಗಳನ್ನು ಸಿಮ್ಯುಲೇಟ್ ಮಾಡಬೇಕಿದೆ. ವಿವರ ಹೀಗಿದೆ. ಪಿ ಟೈಪ್ ವೇಫರ್, ಡೋಪಿಂಗ್ ಘನ ಸೆಂ.ಮೀ.ಗೆ 10¹⁵. ಡ್ರೈ ಆಕ್ಸೈಡ್ 50 ನ್ಯಾನೋಮೀಟರ್, ಅಲ್ಯೂಮಿನಿಯಂ ಗೇಟ್, ಜಂಕ್ಷನ್ ಆಳ ಸುಮಾರು 1.5 ಮೈಕ್ರಾನ್. ಅಗಲ 200 ಮೈಕ್ರಾನ್. ಮಾಸ್ಕ್ ಪ್ರಕಾರ ಚಾನೆಲ್ ಉದ್ದ 10, 20, 40 ಮೈಕ್ರಾನ್, ಮೂರೂ ಒಂದೇ ವೇಫರ್ ಮೇಲಿವೆ.

10 ಮೈಕ್ರಾನಿನದನ್ನು ಅಳೆದಾಗ ಥ್ರೆಶೋಲ್ಡ್ (ಟ್ರಾನ್ಸಿಸ್ಟರ್ ಆನ್ ಆಗುವ ಗೇಟ್ ವೋಲ್ಟೇಜ್) −0.8 ವೋಲ್ಟ್, ಸಬ್‌ಥ್ರೆಶೋಲ್ಡ್ ಸ್ವಿಂಗ್ (ಅದರ ಕೆಳಗೆ ಕರೆಂಟ್ ಹತ್ತು ಪಟ್ಟಾಗಲು ಬೇಕಾದ ಗೇಟ್ ವೋಲ್ಟೇಜ್) ಒಂದು ಡೆಕೇಡ್‌ಗೆ 210 ಮಿಲಿವೋಲ್ಟ್. ಡ್ರೈನ್ 0.1 ವೋಲ್ಟ್‌ನಲ್ಲಿದ್ದಾಗ ಗರಿಷ್ಠ ಜಿಎಂ (ಗೇಟ್ ವೋಲ್ಟೇಜಿಗೆ ಕರೆಂಟ್ ಏರುವ ದರ) 41 ಮೈಕ್ರೋಆಂಪ್/ವೋಲ್ಟ್. ಡೆವ್‌ಸಿಮ್‌ಗೆ (ಡಿವೈಸ್ ಸಿಮ್ಯುಲೇಟರ್) ಇದೇ ಅಳತೆಗಳನ್ನು ಕೊಟ್ಟರೆ ಥ್ರೆಶೋಲ್ಡ್ +0.5 ವೋಲ್ಟ್ ತೋರಿಸುತ್ತಿದೆ.

ಕೊನೆಗೆ ಬೇಕಿರುವುದು ಇನ್ವರ್ಟರ್ ಮತ್ತು 5 ಹಂತದ ರಿಂಗ್ ಆಸಿಲೇಟರ್. ಲೋಡ್‌ಗೂ ಇದೇ ಟ್ರಾನ್ಸಿಸ್ಟರ್, ಗೇಟನ್ನು ಸೋರ್ಸ್‌ಗೆ ಜೋಡಿಸಿ. ಇದಕ್ಕೆ ಸೆಂಟಾರಸ್, ಸಿಲ್ವಾಕೋ, ಕಾಮ್ಸಾಲ್ ತರಹದ್ದು ಬೇಕಾ, ಇಲ್ಲ ಎಲ್‌ಟಿಸ್ಪೈಸ್‌ನಲ್ಲೇ ಆಗುತ್ತಾ? ಬಿಎಸ್‌ಐಎಂ4 ಎಂಬ ವಿವರವಾದ ಟ್ರಾನ್ಸಿಸ್ಟರ್ ಮಾಡೆಲ್ ತುಂಬಿಸಿದರೆ ಹೇಗೆ? ಮುಂದೆ ಇಂಡಿಯಂ ಗ್ಯಾಲಿಯಂ ಜಿಂಕ್ ಆಕ್ಸೈಡ್ ಟಿಎಫ್‌ಟಿಯನ್ನೂ (ತೆಳುಪದರದ ಟ್ರಾನ್ಸಿಸ್ಟರ್) ಮಾಡುವ ಯೋಚನೆ ಇದೆ.

ಸ್ಪೈಸ್_ಡೆಕ್

ಇಲ್ಲಿ ಎರಡು ಪ್ರಶ್ನೆ ಕಲಸಿಹೋಗಿವೆ. "ಥ್ರೆಶೋಲ್ಡ್ ಯಾಕೆ −0.8?" ಅನ್ನೋದು ಟಿಕ್ಯಾಡ್ (ಡಿವೈಸ್ ಒಳಗಿನ ಭೌತಶಾಸ್ತ್ರದ ಸಿಮ್ಯುಲೇಷನ್) ಪ್ರಶ್ನೆ. "ರಿಂಗ್ ಓಡುತ್ತಾ, ಎಷ್ಟು ಹರ್ಟ್ಸ್?" ಅನ್ನೋದು ಸ್ಪೈಸ್ (ಸರ್ಕ್ಯೂಟ್ ಸಿಮ್ಯುಲೇಷನ್) ಪ್ರಶ್ನೆ. ಹತ್ತು ಟ್ರಾನ್ಸಿಸ್ಟರ್ ಸರ್ಕ್ಯೂಟನ್ನು ಟಿಕ್ಯಾಡ್‌ನಲ್ಲಿ ಓಡಿಸಲು ಹೋಗಬೇಡಿ. ಡಿವೈಸ್ ಕೈಯಲ್ಲಿದೆ, ಅಳತೆಯೂ ಇದೆ. ಸರ್ಕ್ಯೂಟಿಗೆ ಎನ್‌ಜಿಸ್ಪೈಸ್ ಮತ್ತು ಅದರೊಳಗಿನ ಸರಳ ಲೆವೆಲ್ 3 ಟ್ರಾನ್ಸಿಸ್ಟರ್ ಮಾಡೆಲ್ ಧಾರಾಳ ಸಾಕು. ಎಲ್‌ಟಿಸ್ಪೈಸ್‌ನಲ್ಲೂ ಲೆವೆಲ್ 3 ಇದೆ, ಇಷ್ಟಕ್ಕೆ ಅದಾದರೂ ಆದೀತು.

ಬಿಎಸ್‌ಐಎಂ4 ಬೇಡ. ನೂರಾರು ಪ್ಯಾರಾಮೀಟರ್, ನಿಮ್ಮ ಹತ್ತಿರ ಮೂರೇ ಉದ್ದದ ಡಿವೈಸ್. ಒಂದೇ ಗ್ರಾಫಿಗೆ ಹತ್ತಾರು ಬೇರೆ ಬೇರೆ ಪ್ಯಾರಾಮೀಟರ್ ಸೆಟ್‌ಗಳು ಹೊಂದಿಕೊಳ್ಳುತ್ತವೆ. ಯಾವುದು ಸರಿ ಅಂತ ಹೇಳೋಕೆ ಡೇಟಾ ಇರೋದಿಲ್ಲ.

ಪ್ಯಾರಾಮೀಟರ್‌ಗಳನ್ನು ಈ ಕ್ರಮದಲ್ಲಿ ತೆಗೆಯಿರಿ.

ಮೊದಲು ಸಿಓಎಕ್ಸ್, ಅಂದರೆ ಗೇಟ್ ಆಕ್ಸೈಡಿನ ಕೆಪಾಸಿಟೆನ್ಸ್. 50 ನ್ಯಾನೋಮೀಟರ್‌ಗೆ ಚದರ ಸೆಂ.ಮೀ.ಗೆ 6.9×10⁻⁸ ಫ್ಯಾರಡ್. ಕೆಪಾಸಿಟರ್ ಪ್ಯಾಡ್ ಇದ್ದರೆ ಅಳೆದೇ ಹಾಕಿ. ಆಕ್ಸೈಡ್ ಬಣ್ಣ ನೋಡಿ ಅಂದಾಜು ಮಾಡಿದ ದಪ್ಪವನ್ನು ನಂಬಬೇಡಿ.

ಆಮೇಲೆ ನಿಜವಾದ ಚಾನೆಲ್ ಉದ್ದ. ಎಲ್ಲರೂ ಎಡವೋದು ಇಲ್ಲೇ. ಜಂಕ್ಷನ್ 1.5 ಮೈಕ್ರಾನ್ ಆಳ ಇಳಿದಿದ್ದರೆ ಪಕ್ಕಕ್ಕೂ ಅದರ ಸುಮಾರು 0.8 ಪಟ್ಟು ಹರಡಿರುತ್ತದೆ, ಅಂದರೆ ಎರಡೂ ಕಡೆ ತಲಾ 1.2 ಮೈಕ್ರಾನ್. ಮಾಸ್ಕ್‌ನ 10 ಮೈಕ್ರಾನ್ ವೇಫರ್ ಮೇಲೆ 7.6 ಆಯಿತು. 10 ಅಂತಲೇ ಲೆಕ್ಕ ಹಾಕಿದರೆ ನಿಮ್ಮ ಜಿಎಂನಿಂದ ಕೆಪಿ (ಮೊಬಿಲಿಟಿ ಗುಣಿಸು ಸಿಓಎಕ್ಸ್) 20.5 ಮೈಕ್ರೋಆಂಪ್/ವೋಲ್ಟ್² ಬರುತ್ತದೆ, ಮೊಬಿಲಿಟಿ 297 ಚದರ ಸೆಂ.ಮೀ./ವೋಲ್ಟ್-ಸೆಕೆಂಡ್. 7.6 ಹಾಕಿದರೆ ಕೆಪಿ 15.6, ಮೊಬಿಲಿಟಿ 226. ಮೂರೂ ಉದ್ದದವುಗಳ ಒಟ್ಟು ರೆಸಿಸ್ಟೆನ್ಸನ್ನು ಮಾಸ್ಕ್ ಉದ್ದಕ್ಕೆ ಎದುರಾಗಿ ಪ್ಲಾಟ್ ಮಾಡಿ. ಗೇಟ್ ವೋಲ್ಟೇಜನ್ನು ಥ್ರೆಶೋಲ್ಡ್‌ಗಿಂತ 3, 4, 5 ವೋಲ್ಟ್ ಮೇಲಿಟ್ಟು ಮೂರು ಗೆರೆ ಎಳೆಯಿರಿ. ಗೆರೆಗಳು ಕೂಡುವ ಬಿಂದುವಿನಲ್ಲಿ ಉದ್ದದ ವ್ಯತ್ಯಾಸವೂ ಸರಣಿ ರೆಸಿಸ್ಟೆನ್ಸೂ ಒಟ್ಟಿಗೇ ಸಿಗುತ್ತವೆ. ಗೆರೆಗಳು ಒಂದೇ ಕಡೆ ಕೂಡದೆ ಹರಡಿಕೊಂಡರೆ ಡಿವೈಸಿಂದ ಡಿವೈಸಿಗೆ ಕಾಂಟ್ಯಾಕ್ಟ್ ಬದಲಾಗುತ್ತಿದೆ ಅಂತ ಅರ್ಥ. ಆಗ ಮಾಡೆಲ್ ಬಿಟ್ಟು ಮೊದಲು ಕಾಂಟ್ಯಾಕ್ಟ್ ನೋಡಿ.

ಥ್ರೆಶೋಲ್ಡ್‌ಗೆ ಜಿಎಂ ಗರಿಷ್ಠ ಇರುವ ಕಡೆ ಸ್ಪರ್ಶರೇಖೆ ಎಳೆದು, ಅದು ಗೇಟ್ ಅಕ್ಷ ಮುಟ್ಟುವ ಜಾಗದಿಂದ ಡ್ರೈನ್ ವೋಲ್ಟೇಜಿನ ಅರ್ಧ (ಇಲ್ಲಿ 0.05) ಕಳೆಯಿರಿ.

ಸ್ವಿಂಗ್‌ನಿಂದ ಎನ್‌ಎಫ್‌ಎಸ್ (ಸಬ್‌ಥ್ರೆಶೋಲ್ಡ್ ಇಳಿಜಾರನ್ನು ಹೊಂದಿಸುವ ಪ್ಯಾರಾಮೀಟರ್) ಸಿಗುತ್ತದೆ. 210 ಅನ್ನು 60ರಿಂದ ಭಾಗಿಸಿದರೆ 3.5. ಅದರಲ್ಲಿ 1 ಮತ್ತು ಡಿಪ್ಲೀಷನ್ ಪಾಲು 0.17 ಕಳೆದು, ಉಳಿದ 2.33ನ್ನು ಸಿಓಎಕ್ಸ್‌ನಿಂದ ಗುಣಿಸಿ ಎಲೆಕ್ಟ್ರಾನ್ ಚಾರ್ಜ್‌ನಿಂದ ಭಾಗಿಸಿ: ಚದರ ಸೆಂ.ಮೀ.ಗೆ ಸುಮಾರು 10¹². ಲೆವೆಲ್ 1ರಲ್ಲಿ ಸಬ್‌ಥ್ರೆಶೋಲ್ಡ್ ಕರೆಂಟೇ ಇಲ್ಲ, ಥ್ರೆಶೋಲ್ಡ್ ಕೆಳಗೆ ನೇರ ಸೊನ್ನೆ. ನಾನು ಲೆವೆಲ್ 3 ಅಂದಿದ್ದು ಅದಕ್ಕೇ.

ಸಬ್‌ಸ್ಟ್ರೇಟ್ ಬಯಾಸ್‌ಗೆ ಥ್ರೆಶೋಲ್ಡ್ ಎಷ್ಟು ಜರುಗುತ್ತದೆ ಅನ್ನೋದಕ್ಕೆ ಗಾಮಾ 0.26, ಫೈ (ಮೇಲ್ಮೈ ಪೊಟೆನ್ಷಿಯಲ್) 0.6 ಹಾಕಿ. ಇವು ಡೋಪಿಂಗ್‌ನಿಂದ ಬಂದ ಲೆಕ್ಕ. ಸಬ್‌ಸ್ಟ್ರೇಟ್‌ಗೆ −2, −5 ವೋಲ್ಟ್ ಕೊಟ್ಟು ಅಳೆದರೆ ತಾಳೆ ನೋಡಬಹುದು.

ಕೊನೆಯದು ಕೆಪಾಸಿಟೆನ್ಸ್. ರಿಂಗ್‌ನ ವೇಗ ನಿಂತಿರೋದೇ ಇದರ ಮೇಲೆ. ಎನ್‌ಜಿಸ್ಪೈಸ್ ಲೆವೆಲ್ 1ರಲ್ಲಿ ಟಿಓಎಕ್ಸ್ (ಆಕ್ಸೈಡ್ ದಪ್ಪ) ಕೊಡದಿದ್ದರೆ ಚಾನೆಲ್ ಕೆಪಾಸಿಟೆನ್ಸ್ ಸೊನ್ನೆ ಅಂತ ಹಿಡಿಯುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ರಿಂಗ್ ಮಾತ್ರ ರಾಕೆಟ್ ತರಹ ಓಡುತ್ತದೆ. ಟಿಓಎಕ್ಸ್ ಮೀಟರ್‌ನಲ್ಲಿ, ಅಂದರೆ 50×10⁻⁹. ತೆಳು ಆಕ್ಸೈಡ್ ಇರುವ ಕಡೆ ಗೇಟ್ ಮೆಟಲ್ ಸೋರ್ಸ್, ಡ್ರೈನ್ ಮೇಲೆ 5 ಮೈಕ್ರಾನ್ ಹತ್ತಿದ್ದರೆ ಸಿಜಿಎಸ್‌ಓ, ಸಿಜಿಡಿಓ (ಗೇಟ್-ಸೋರ್ಸ್, ಗೇಟ್-ಡ್ರೈನ್ ಓವರ್‌ಲ್ಯಾಪ್ ಕೆಪಾಸಿಟೆನ್ಸ್) ಎರಡೂ ಅಗಲದ ಮೀಟರ್‌ಗೆ 3.45×10⁻⁹ ಫ್ಯಾರಡ್. 200 ಮೈಕ್ರಾನ್ ಅಗಲಕ್ಕೆ ಒಂದೊಂದು ಕಡೆ 0.69 ಪಿಕೋಫ್ಯಾರಡ್ ಆಯಿತು. ಮಾಸ್ಕ್ ಉದ್ದದಷ್ಟು ಇಡೀ ಚಾನೆಲಿಗೆ ಲೆಕ್ಕ ಹಾಕಿದರೂ 1.38. ಓವರ್‌ಲ್ಯಾಪ್ ಬಿಟ್ಟರೆ ಅರ್ಧ ಲೋಡ್ ಬಿಟ್ಟ ಹಾಗೆ, ಡ್ರೈನ್ ಕಡೆಯದು ಮಿಲ್ಲರ್ ಪರಿಣಾಮದಿಂದ (ಗೇಟ್ ಏರಿದಾಗ ಡ್ರೈನ್ ಇಳಿಯುವುದರಿಂದ) ಇನ್ನೂ ದೊಡ್ಡದಾಗಿ ಕಾಣುತ್ತದೆ. ಅಂದಹಾಗೆ ಆಸಿಲೋಸ್ಕೋಪಿನ 10 ಎಕ್ಸ್ ಪ್ರೋಬ್ ಕೂಡ ಹತ್ತು ಪಿಕೋಫ್ಯಾರಡ್ ಆಸುಪಾಸು ಇರುತ್ತದೆ. ಪ್ರೋಬ್ ಇಡುವ ನೋಡಿಗೆ ಅದನ್ನೂ ಸರ್ಕ್ಯೂಟಿನಲ್ಲಿ ಸೇರಿಸಿ, ಇಲ್ಲವೇ ಹೊರಗೆ ಬರಲು ಬೇರೆ ಬಫರ್ ಹಂತ ಇಡಿ.

ಮೆಶ್_ಮೇಸ್ತ್ರಿ

ಮೇಲಿನವರು ಹೇಳಿದ್ದು ಸರಿ. ಟಿಕ್ಯಾಡ್ ಭಾಗ ನಾನು ಹೇಳುತ್ತೇನೆ.

ನಿಮ್ಮ 1.3 ವೋಲ್ಟ್ ವ್ಯತ್ಯಾಸ ಸಾಫ್ಟ್‌ವೇರಿನ ತಪ್ಪಲ್ಲ. ಸಾಫ್ಟ್‌ವೇರ್ ಬದಲಿಸಿದರೆ ಅದು ಹೋಗೋದೂ ಇಲ್ಲ. ಡೆವ್‌ಸಿಮ್‌ನ ಸರಳ ಸೆಟಪ್‌ನಲ್ಲಿ ಪೊಟೆನ್ಷಿಯಲ್ಲಿನ ಸೊನ್ನೆ ಇರೋದು ಸಿಲಿಕಾನಿನ ಇಂಟ್ರಿನ್ಸಿಕ್ ಮಟ್ಟದಲ್ಲಿ. ಗೇಟಿಗೆ ಬರೀ ಬಯಾಸ್ ಕೊಟ್ಟರೆ ಗೇಟ್ ಮೆಟಲ್ ಬ್ಯಾಂಡ್‌ಗ್ಯಾಪಿನ ನಡುವೆ ಇದೆ ಅಂತ ಹೇಳಿದಂತೆ. ಕೈಯಲ್ಲಿ ಲೆಕ್ಕ ಹಾಕಿ ನೋಡಿ: ಫರ್ಮಿ ಪೊಟೆನ್ಷಿಯಲ್ 0.30, ಡಿಪ್ಲೀಷನ್ ಚಾರ್ಜ್ ಪಾಲು 0.20, ಒಟ್ಟು +0.5. ನಿಮಗೆ ಬಂದದ್ದು ಅದೇ. ಅಲ್ಯೂಮಿನಿಯಂ ವರ್ಕ್ ಫಂಕ್ಷನ್ 4.1, ಸಿಲಿಕಾನ್ ನಡುಮಟ್ಟ 4.6. ಗೇಟ್ ಬಯಾಸಿಗೆ 0.5 ವೋಲ್ಟ್ ಸೇರಿಸಿ, ಥ್ರೆಶೋಲ್ಡ್ ಸೊನ್ನೆ ಹತ್ತಿರ ಬರುತ್ತದೆ.

ಉಳಿದ 0.8 ವೋಲ್ಟ್ ಆಕ್ಸೈಡಿನ ಪಾಸಿಟಿವ್ ಚಾರ್ಜ್. 0.8ನ್ನು ಸಿಓಎಕ್ಸ್‌ನಿಂದ ಗುಣಿಸಿ ಎಲೆಕ್ಟ್ರಾನ್ ಚಾರ್ಜ್‌ನಿಂದ ಭಾಗಿಸಿದರೆ ಚದರ ಸೆಂ.ಮೀ.ಗೆ 3.5×10¹¹. ಇದು ನಿವ್ವಳ ಮೊತ್ತ ಅಷ್ಟೇ. ಟ್ರ್ಯಾಪ್‌ಗಳಲ್ಲಿ (ಸಿಲಿಕಾನ್-ಆಕ್ಸೈಡ್ ಗಡಿಯಲ್ಲಿ ಚಾರ್ಜ್ ಹಿಡಿಯುವ ದೋಷಗಳು) ಕೂತ ಚಾರ್ಜೂ ಇದರೊಳಗೇ ಸೇರಿಕೊಂಡಿದೆ. ಎರಡನ್ನೂ ಬಿಡಿಸಬೇಕಾದರೆ 1 ಮೆಗಾಹರ್ಟ್ಸ್ ಮತ್ತು ಕ್ವಾಸಿ ಸ್ಟ್ಯಾಟಿಕ್ (ತೀರಾ ನಿಧಾನದ) ಸಿ-ವಿ, ಅಂದರೆ ಕೆಪಾಸಿಟೆನ್ಸ್-ವೋಲ್ಟೇಜ್ ಅಳತೆ, ಎರಡೂ ಬೇಕು. ಗೇಟನ್ನು ಮೇಲಕ್ಕೂ ಕೆಳಕ್ಕೂ ಸ್ವೀಪ್ ಮಾಡಿದಾಗ ಗ್ರಾಫ್ ಬೇರೆ ಬೇರೆ ದಾರಿ ಹಿಡಿದರೆ ಸೋಡಿಯಂ ಇದೆಯೇ ಅಂತಲೂ ನೋಡಿ. ವೇಫರನ್ನು ಬಿಸಿಮಾಡಿ ಗೇಟಿಗೆ ಪಾಸಿಟಿವ್ ಬಯಾಸ್ ಕೊಟ್ಟು ತಣಿಸಿದ ಮೇಲೆ ಥ್ರೆಶೋಲ್ಡ್ ಇನ್ನಷ್ಟು ನೆಗೆಟಿವ್ ಕಡೆ ಜರುಗಿದರೆ ಅದು ಸೋಡಿಯಂ. ಅಂಥ ಡಿವೈಸಿಗೆ ಯಾವ ಮಾಡೆಲ್ ಕೂರಿಸಿದರೂ ನಾಳೆ ಹೊಂದೋದಿಲ್ಲ.

ಸಮನಾಗಿ ಹರಡಿದ ಫಿಕ್ಸೆಡ್ ಚಾರ್ಜನ್ನು ಗೇಟ್ ವೋಲ್ಟೇಜ್ ಜರುಗಿಸಿಯೇ ತೋರಿಸಬಹುದು. ಟ್ರ್ಯಾಪನ್ನು ಹಾಗೆ ಮಾಡಲಾಗದು, ಗೇಟ್ ಬದಲಾದಂತೆ ಅದರ ಚಾರ್ಜೂ ಬದಲಾಗುತ್ತದೆ.

ಡೆವ್‌ಸಿಮ್ ಉಚಿತ, ಪೈಥಾನ್‌ನಿಂದ ನಡೆಸಬಹುದು, ಜಿಮೆಶ್ ಮೆಶ್ ಓದುತ್ತದೆ. ಆದರೆ ಮೇಲ್ಮೈ ಮೊಬಿಲಿಟಿಯಂಥ ಸಮೀಕರಣಗಳನ್ನು ನೀವೇ ಬರೆಯಬೇಕು, ಪ್ರಾಸೆಸ್ ಸಿಮ್ಯುಲೇಷನ್ ಅದರಲ್ಲಿ ಇಲ್ಲ. ಸೆಂಟಾರಸ್, ಸಿಲ್ವಾಕೋದಲ್ಲಿ ಆಕ್ಸಿಡೇಷನ್‌ನಿಂದ ಡಿಫ್ಯೂಷನ್‌ವರೆಗೆ ಸರಪಳಿ ಸಿಗುತ್ತದೆ, ಟ್ರ್ಯಾಪ್, ಚಾರ್ಜ್ ಎಲ್ಲ ಒಂದೊಂದು ಸಾಲಿನ ಕೆಲಸ. ಸಂಸ್ಥೆಯಲ್ಲಿ ಲೈಸೆನ್ಸ್ ಇದ್ದರೆ ಬಳಸಿ, ಇಲ್ಲದಿದ್ದರೆ 10 ಮೈಕ್ರಾನ್ ಮಾಸ್‌ಫೆಟ್‌ಗೋಸ್ಕರ ಕೊಳ್ಳುವುದು ವ್ಯರ್ಥ. ಡಿಫ್ಯೂಷನ್ ಪ್ರೊಫೈಲ್ ಮಾತ್ರ ಬೇಕಿದ್ದರೆ ಸ್ಟ್ಯಾನ್‌ಫರ್ಡ್‌ನ ಹಳೆಯ ಸುಪ್ರೆಮ್-4 ಇದೆ. ಕಾಮ್ಸಾಲ್ ಒಳ್ಳೆಯದೇ, ಆದರೆ ಶಾಖ, ಒತ್ತಡ, ದ್ರವ ಇಂಥದ್ದೇನಾದರೂ ಜೊತೆಗೆ ಬಂದಾಗ. ಇಲ್ಲಿ ಅದಕ್ಕೆ ಕೆಲಸವಿಲ್ಲ.

ಮೆಶ್ ಬಗ್ಗೆ: ಆಕ್ಸೈಡ್ ಕೆಳಗೆ ಮೊದಲ ಪದರ 0.5 ನ್ಯಾನೋಮೀಟರ್, ಅಲ್ಲಿಂದ ನಿಧಾನವಾಗಿ ದೊಡ್ಡದಾಗುತ್ತ 1 ಮೈಕ್ರಾನ್ ಆಳಕ್ಕೆ 20 ನ್ಯಾನೋಮೀಟರ್. ಜಂಕ್ಷನ್ ಅಂಚಿನಲ್ಲಿ ಅಡ್ಡಕ್ಕೆ 20ರಿಂದ 50, ಚಾನೆಲ್ ನಡುವೆ ಅರ್ಧ ಮೈಕ್ರಾನ್ ನಡೆಯುತ್ತದೆ. ಒಟ್ಟು ಆಳ 4–5 ಮೈಕ್ರಾನ್ ಇರಲಿ. ಇನ್ವರ್ಷನ್ ಪದರ ಇರೋದೇ ಕೆಲವು ನ್ಯಾನೋಮೀಟರ್, ಅಲ್ಲಿ 10 ನ್ಯಾನೋಮೀಟರ್ ಮೆಶ್ ಇಟ್ಟರೆ ಚೆನ್ನಾಗಿ ಕನ್ವರ್ಜ್ ಆಗುತ್ತದೆ, ಕರೆಂಟ್ ಮಾತ್ರ ತಪ್ಪು. ಮೆಶ್ ಅರ್ಧಕ್ಕಿಳಿಸಿ ಇನ್ನೊಮ್ಮೆ ಓಡಿಸಿ ನೋಡದೆ ಯಾವ ಸಂಖ್ಯೆಯನ್ನೂ ನಂಬಬೇಡಿ. ಬಯಾಸ್ ಕೊಡದೆ ಬರೀ ಪಾಯ್ಸನ್, ಆಮೇಲೆ ಎಲೆಕ್ಟ್ರಾನ್ ಮತ್ತು ಹೋಲ್ ಸೇರಿಸಿ, ಆಮೇಲೆ ಡ್ರೈನ್, ಕೊನೆಗೆ ಗೇಟನ್ನು 0.1 ವೋಲ್ಟ್ ಹೆಜ್ಜೆಯಲ್ಲಿ ಏರಿಸಿ. ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದರೆ ಸಬ್‌ಸ್ಟ್ರೇಟ್ ಕಾಂಟ್ಯಾಕ್ಟ್ ಮರೆತಿದ್ದೀರಾ ನೋಡಿ.

ಓಎಸ್‌ಡಿಐ

ಟಿಎಫ್‌ಟಿ ವಿಷಯಕ್ಕೆ: ಲೆವೆಲ್ 3 ಅಲ್ಲಿ ನಡೆಯೋದಿಲ್ಲ. ಗೇಟ್ ವೋಲ್ಟೇಜ್ ಏರಿದಂತೆ ಮೊಬಿಲಿಟಿಯೂ ಏರುತ್ತದೆ, ಸಿಲಿಕಾನಿಗೆ ತದ್ವಿರುದ್ಧ. ವೆರಿಲಾಗ್-ಎ (ಮಾಡೆಲ್ ಬರೆಯುವ ಭಾಷೆ) ನಲ್ಲಿ ಪವರ್ ಲಾ ಮೊಬಿಲಿಟಿ ಮಾಡೆಲ್ ಬರೆದು, ಓಪನ್‌ವಾಫ್ ಕಂಪೈಲರ್‌ನಲ್ಲಿ ಕಂಪೈಲ್ ಮಾಡಿ ಎನ್‌ಜಿಸ್ಪೈಸ್‌ಗೆ ಲೋಡ್ ಮಾಡಿ. ಎನ್‌ಜಿಸ್ಪೈಸ್ ಅನ್ನು ಓಎಸ್‌ಡಿಐ (ಇಂಥ ಮಾಡೆಲ್‌ಗಳನ್ನು ಲೋಡ್ ಮಾಡುವ ಇಂಟರ್‌ಫೇಸ್) ಸೇರಿಸಿ ಬಿಲ್ಡ್ ಮಾಡಿರಬೇಕು. ಎಲ್‌ಟಿಸ್ಪೈಸ್ ವೆರಿಲಾಗ್-ಎ ಓದುವುದಿಲ್ಲ, ಹಾಗಾಗಿ ಈಗಲೇ ಎನ್‌ಜಿಸ್ಪೈಸ್‌ನಲ್ಲಿ ಶುರುಮಾಡುವುದು ಜಾಣತನ. ಮಾಡೆಲಿನಲ್ಲಿ ಥ್ರೆಶೋಲ್ಡ್ ಕೆಳಗೂ ಮೇಲೂ ಬೇರೆ ಬೇರೆ ಸಮೀಕರಣಗಳನ್ನು ಇಫ್ ಹಾಕಿ ಜೋಡಿಸಬೇಡಿ. ಅಂಟಿಸಿದ ಕಡೆ ಡೆರಿವೇಟಿವ್ ಮುರಿದು ಟ್ರಾನ್ಸಿಯೆಂಟ್ ಅಲ್ಲೇ ನಿಲ್ಲುತ್ತದೆ.

ಮೆಟಲ್‌ಗೇಟ್

ಎಲ್ಲರಿಗೂ ಧನ್ಯವಾದ. 0.5 ವೋಲ್ಟ್ ಸೇರಿಸಿದೆ, ಡೆವ್‌ಸಿಮ್ ಈಗ ಸೊನ್ನೆ ತೋರಿಸುತ್ತಿದೆ. ಲೆವೆಲ್ 3ರಲ್ಲಿ ರಿಂಗ್ ಹಾಕಿದರೆ ಎಲ್ಲ ನೋಡ್‌ಗಳೂ 0.1 ವೋಲ್ಟ್ ಹತ್ತಿರ ಕೂತಿವೆ, ಅಲುಗಾಡುವುದಿಲ್ಲ. ಡ್ರೈವರ್ (ಇನ್‌ಪುಟ್ ಪಡೆಯುವ ಟ್ರಾನ್ಸಿಸ್ಟರ್) ಲೋಡಿಗಿಂತ 4 ಪಟ್ಟು ಅಗಲ. ಕನ್ವರ್ಜೆನ್ಸ್ ಸಮಸ್ಯೆಯಾ?

ಸ್ಪೈಸ್_ಡೆಕ್

ಅಲ್ಲ, ಸಿಮ್ಯುಲೇಟರ್ ನಿಜವನ್ನೇ ಹೇಳುತ್ತಿದೆ. ಲೋಡಿಗೂ ಡ್ರೈವರಿಗೂ ಒಂದೇ −0.8. ಗೇಟ್ ಸೊನ್ನೆಯಲ್ಲಿದ್ದರೂ ಡ್ರೈವರ್ ಲೋಡಿನ 4 ಪಟ್ಟು ಕರೆಂಟ್ ಎಳೆಯಬಲ್ಲದು, ಔಟ್‌ಪುಟ್ ಮೇಲೇಳೋಕೆ ದಾರಿಯೇ ಇಲ್ಲ. ಸಪ್ಲೈ ಏರಿಸಿದರೂ ಅಷ್ಟೇ. ಇಂಥ ಸೆಟಪ್‌ನಲ್ಲಿ ಡ್ರೈವರ್ ಥ್ರೆಶೋಲ್ಡ್ ಪಾಸಿಟಿವ್ ಇರಲೇಬೇಕು.

ಸಬ್‌ಸ್ಟ್ರೇಟ್ ಬಯಾಸಿನಿಂದ ಸರಿಮಾಡೋಣ ಅಂದರೆ ಗಾಮಾ 0.26ಕ್ಕೆ −10 ವೋಲ್ಟ್ ಕೊಟ್ಟರೂ ಏರುವುದು 0.65 ಮಾತ್ರ. −15 ಕೊಟ್ಟರೆ ಸೊನ್ನೆಗೆ ಹತ್ತಿಕೊಳ್ಳುತ್ತದೆ ಅಷ್ಟೇ, ಜೊತೆಗೆ ಲೋಡನ್ನೂ ಆರಿಸಿಬಿಡುತ್ತದೆ.

ಮೆಶ್_ಮೇಸ್ತ್ರಿ

ಮುಂದಿನ ವೇಫರಿನಲ್ಲಿ ಆಕ್ಸಿಡೇಷನ್ ಮುಗಿದ ತಕ್ಷಣ ಅದೇ ಉಷ್ಣತೆಯಲ್ಲಿ ಆಕ್ಸಿಜನ್ ನಿಲ್ಲಿಸಿ ನೈಟ್ರೋಜನ್ ಅಥವಾ ಆರ್ಗಾನ್ ಬಿಡಿ, ಫಿಕ್ಸೆಡ್ ಚಾರ್ಜ್ ಇಳಿಯುವುದು ಅಲ್ಲಿ. ಆಮೇಲೆ ಅಲ್ಯೂಮಿನಿಯಂ ಹಾಕಿದ ಮೇಲೆ ಫಾರ್ಮಿಂಗ್ ಗ್ಯಾಸ್‌ನಲ್ಲಿ (ನೈಟ್ರೋಜನ್, ಹೈಡ್ರೋಜನ್ ಮಿಶ್ರಣ) 400–450 ಡಿಗ್ರಿಗೆ ಅರ್ಧ ಗಂಟೆ, ಟ್ರ್ಯಾಪ್ ಇಳಿಯುವುದು ಇದರಲ್ಲಿ. (111) ಹರಳು ದಿಕ್ಕಿನ ವೇಫರ್ ಬಳಸುತ್ತಿದ್ದರೆ (100)ಕ್ಕೆ ಬದಲಿಸಿ. ಇಷ್ಟೆಲ್ಲ ಮಾಡಿದರೂ ಈ ಡೋಪಿಂಗ್‌ಗೆ ಅಲ್ಯೂಮಿನಿಯಂ ಗೇಟ್‌ನಲ್ಲಿ ಥ್ರೆಶೋಲ್ಡ್ ಸೊನ್ನೆಯ ಸುತ್ತಮುತ್ತಲೇ ನಿಲ್ಲುತ್ತದೆ. ಪಾಸಿಟಿವ್ ಬೇಕಾದರೆ ಡ್ರೈವರ್ ಚಾನೆಲಿಗೆ ಬೋರಾನ್ ಇಂಪ್ಲಾಂಟ್ ಬೇಕು, ಇಲ್ಲವೇ ಹೆಚ್ಚು ಡೋಪ್ ಆದ ವೇಫರ್. ಎಷ್ಟು ಡೋಸ್ ಅನ್ನೋದನ್ನು ಡೆವ್‌ಸಿಮ್‌ನಲ್ಲಿ ನೋಡಿ. ನಿಮಗೆ ಟಿಕ್ಯಾಡ್ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಅದು.