ಪದಚರ್ಚೆ: ‘ಫೈರ್ ರಿಟಾರ್ಡೆಂಟ್’ ಪರದೆ ಲೈನಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹೋಟೆಲ್, ಆಸ್ಪತ್ರೆ, ವೃದ್ಧಾಶ್ರಮದಂಥ ಕಡೆ ಕಿಟಕಿ ಪರದೆಗೆ ಎಂಥ ಲೈನಿಂಗ್ ಹಾಕಿಸಬೇಕು ಅನ್ನುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದನ್ನು ಓದುವವರು ಪರದೆ ಕೊಳ್ಳುವವರು, ಹೊಲಿಯುವವರು, ಒಗೆಯುವವರು. ‘ಫೈರ್ ರಿಟಾರ್ಡೆಂಟ್’ (ಚಿಕ್ಕದಾಗಿ ಎಫ್‌ಆರ್) ಅನ್ನುವುದಕ್ಕೆ ಸರಿಯಾದ ಮಾತು ಸಿಗುತ್ತಿಲ್ಲ. ನಿಮ್ಮ ಸಲಹೆ ಬೇಕು.

ಈಗ ಬಳಕೆಯಲ್ಲಿರುವುದು ಅಗ್ನಿನಿರೋಧಕ, ಬೆಂಕಿನಿರೋಧಕ. ಅಲ್ಲೊಂದು ಇಲ್ಲೊಂದು ಕಡೆ ‘ಅಗ್ನಿಶಾಮಕ ಬಟ್ಟೆ’ ಅಂತಲೂ ಕಾಣುತ್ತದೆ. ಅದನ್ನು ಕೈಬಿಡಲು ಜಾಸ್ತಿ ಯೋಚಿಸಬೇಕಿಲ್ಲ. ಶಾಮಕ ಅಂದರೆ ಆರಿಸುವಂಥದ್ದು, ಪರದೆ ಯಾವ ಬೆಂಕಿಯನ್ನೂ ಆರಿಸುವುದಿಲ್ಲ. ನನಗೆ ತೊಡಕಾಗಿರುವುದು ‘ನಿರೋಧಕ’. ಜಲನಿರೋಧಕ ಅಂದರೆ ನೀರು ಒಳಗೆ ಬರುವುದೇ ಇಲ್ಲ ಅಂತ ನಂಬುತ್ತೇವೆ, ಅಲ್ವಾ? ಅದೇ ಲೆಕ್ಕದಲ್ಲಿ ಅಗ್ನಿನಿರೋಧಕ ಬಟ್ಟೆ ಸುಡುವುದೇ ಇಲ್ಲ ಅಂತ ಓದುವವರು ತಿಳಿದುಕೊಳ್ಳುತ್ತಾರೆ. ಆದರೆ ಈ ಬಟ್ಟೆ ಸುಡುತ್ತದೆ. ಜ್ವಾಲೆ ತಾಗಿದ ಜಾಗ ಕರಕಲಾಗುತ್ತದೆ. ಸಣ್ಣ ಬೆಂಕಿಗೆ ಬೇಗ ಹೊತ್ತಿಕೊಳ್ಳುವುದಿಲ್ಲ, ಹೊತ್ತಿಕೊಂಡರೂ ಉರಿ ಸುಲಭವಾಗಿ ಹಬ್ಬುವುದಿಲ್ಲ, ಜ್ವಾಲೆ ತೆಗೆದರೆ ತಾನಾಗಿಯೇ ನಂದುತ್ತದೆ. ಇಷ್ಟೇ ಅದರ ಗುಣ. ಹಾಸಿಗೆಯಿಂದ ಏಳಲಾಗದವರು ಮಲಗಿರುವ ಕೋಣೆಯಲ್ಲಿ ಆ ಸ್ವಲ್ಪ ಸಮಯ ಸಿಕ್ಕರೆ ಜೀವ ಉಳಿಯಬಹುದು. ಆದರೆ ಇರುವುದಕ್ಕಿಂತ ದೊಡ್ಡ ಭರವಸೆಯನ್ನು ಪದ ಕೊಡಬಾರದು.

ಪರೀಕ್ಷೆಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 701ನೇ ಮಾನದಂಡದ ಮೊದಲ ವಿಧಾನದಲ್ಲಿ, ತೂಗುಹಾಕಿದ ಬಟ್ಟೆಯ ತುಂಡಿಗೆ 45 ಸೆಕೆಂಡ್ ಜ್ವಾಲೆ ಹಿಡಿಯುತ್ತಾರೆ. ತುಂಡುಗಳ ತೂಕ ಸರಾಸರಿ ಶೇ 40ಕ್ಕಿಂತ ಜಾಸ್ತಿ ಕಳೆಯಬಾರದು. ಕೆಳಗೆ ಬಿದ್ದ ಚೂರು, ಹನಿಗಳು ಸರಾಸರಿ 2 ಸೆಕೆಂಡ್‌ಗಿಂತ ಜಾಸ್ತಿ ಉರಿಯಬಾರದು. ಅಂದರೆ ಮೂರನೇ ಒಂದು ಭಾಗ ಸುಟ್ಟುಹೋದ ಬಟ್ಟೆಯೂ ಪಾಸಾಗಬಹುದು. ಅದನ್ನು ‘ನಿರೋಧಕ’ ಅಂತ ಕರೆಯಲು ನನಗೆ ಮನಸ್ಸು ಬರುತ್ತಿಲ್ಲ.

ನಾನು ಯೋಚಿಸಿದ ಪದ ‘ಉರಿತಡೆ’. ಚಿಕ್ಕದು, ಬಾಯಿಗೆ ಸಲೀಸು. ಹೊತ್ತಿಕೊಳ್ಳುವುದು, ಉರಿಯುವುದು, ಸುಡುವುದು, ಕರಕಲಾಗುವುದು, ಹೊಗೆಯಾಡುವುದು ನಮಗೆ ಬೇರೆ ಬೇರೆ ಕೆಲಸಗಳು. ಅವುಗಳಲ್ಲಿ ಈ ಬಟ್ಟೆ ಮುಖ್ಯವಾಗಿ ತಡೆಯುವುದು ಉರಿಯುವುದನ್ನು. ಆದರೆ ಆಸ್ಪತ್ರೆಯಲ್ಲಿ ಉರಿ ಅಂದರೆ ಗಾಯದ ಉರಿ, ಹೊಟ್ಟೆಯ ಉರಿ. ಸ್ಟೋರಿನ ಪಟ್ಟಿಯಲ್ಲಿ ‘ಉರಿತಡೆ’ ಅಂತ ಕಂಡರೆ ಮುಲಾಮು ಅಂದುಕೊಳ್ಳುವವರೂ ಇರಬಹುದು. ಹಾಗಾದರೆ ‘ಬೆಂಕಿತಡೆ’ ಅನ್ನೋಣವೇ? ಅದು ಮತ್ತೆ ನಿರೋಧಕದ ಕಡೆಗೇ ವಾಲುತ್ತದೆ. ‘ಜ್ವಾಲಾಮಂದಕ’ ಅರ್ಥದಲ್ಲಿ ಹತ್ತಿರ ಬರುತ್ತದೆ, ಆದರೆ ದರ್ಜಿಯ ಬಾಯಲ್ಲಿ ನಿಲ್ಲುವುದು ಕಷ್ಟ.

ಎರಡನೆಯ ವಿಷಯ ಲೈನಿಂಗ್. ಹೊಲಿಯುವವರು ಲೈನಿಂಗ್ ಅಂತಾರೆ, ಕೆಲವರು ಅಸ್ತರ್ ಅಂತಾರೆ. ಪುಸ್ತಕದ ಕನ್ನಡದಲ್ಲಿ ಒಳಪದರ. ನಾನು ಲೈನಿಂಗ್ ಅಂತಲೇ ಇಟ್ಟುಕೊಳ್ಳುತ್ತೇನೆ. ಆದರೆ ‘ಎಫ್‌ಆರ್ ಲೈನಿಂಗ್ ಹಾಕಿದ ಪರದೆ’ ಅಂದಾಗ ಇಡೀ ಪರದೆಯೇ ಸುರಕ್ಷಿತ ಅನ್ನುವ ಅರ್ಥ ಬರುತ್ತದಲ್ಲ, ಅದು ಅಪಾಯ. ಬರೀ ಪಾಲಿಯೆಸ್ಟರ್ ಬಟ್ಟೆಗೆ ಜ್ವಾಲೆ ಹಿಡಿದು ನೋಡಿ. ಅದು ಮುದುಡಿ, ಕರಗಿ, ಜ್ವಾಲೆಯಿಂದ ಹಿಂದೆ ಸರಿಯುತ್ತದೆ. ಎಷ್ಟೋ ಸಲ ಅದರಿಂದಲೇ ಬಚಾವಾಗುತ್ತದೆ. ಅದರ ಹಿಂದೆ ಹತ್ತಿ ಬಟ್ಟೆ ಹೊಲಿದರೆ ಕಥೆಯೇ ಬೇರೆ. ಕರಗಿದ ಪಾಲಿಯೆಸ್ಟರ್ ಹಿಂದೆ ಸರಿಯಲಾಗದೆ ಹತ್ತಿಗೆ ಅಂಟಿಕೊಳ್ಳುತ್ತದೆ. ಹತ್ತಿ ದೀಪದ ಬತ್ತಿಯ ಹಾಗೆ ಅದನ್ನು ಹೀರಿ ಉರಿಯುತ್ತದೆ. ಉರಿತಡೆ ಮಾಡಿದ ಹತ್ತಿಯೂ ಕರಕಲಾಗಿ ನಿಂತು ಆ ಕರಗಿದ್ದನ್ನು ಹಿಡಿದುಕೊಳ್ಳಬಹುದು. ಬಿಡಿಬಿಡಿಯಾಗಿ ಪಾಸಾದ ಎರಡು ಬಟ್ಟೆ ಒಟ್ಟಿಗೆ ಫೇಲಾಗುವುದು ಹೀಗೆ. ಆದ್ದರಿಂದ ಹೊರಬಟ್ಟೆ, ಲೈನಿಂಗ್ ಎರಡನ್ನೂ ಸೇರಿಸಿಯೇ ಪರೀಕ್ಷೆ ಮಾಡಿಸಬೇಕು. ಇದಕ್ಕೆ ‘ಜೋಡಿ ಪರೀಕ್ಷೆ’ ಅಂತ ಬರೆದಿದ್ದೇನೆ. ಸರಿ ಅನ್ನಿಸುತ್ತದೆಯೇ?

ಮೂರನೆಯದಕ್ಕೆ ಒಳ್ಳೆಯ ಪದಗಳು ತೀರಾ ಬೇಕು. ಉರಿ ತಡೆಯುವ ಗುಣ ಬಟ್ಟೆಗೆ ಬರುವುದು ಮೂರು ಬಗೆಯಲ್ಲಿ. ಒಂದು, ನೂಲು ತಯಾರಿಸುವಾಗಲೇ ಅದರ ರಚನೆಯಲ್ಲಿ ಸೇರಿರುವುದು. ಟ್ರೆವಿರಾ ಸಿಎಸ್ ಅನ್ನುವ ಪಾಲಿಯೆಸ್ಟರ್ ಈ ಬಗೆಯದು. ಇನ್ನೊಂದು, ಹತ್ತಿ ಬಟ್ಟೆಗೆ ರಂಜಕದ ರಾಸಾಯನಿಕ ಹಿಡಿಸಿ ಎಳೆಯೊಳಗೇ ಗಟ್ಟಿಮಾಡುವುದು. ಪ್ರೊಬಾನ್ ಅನ್ನುವ ಸಂಸ್ಕರಣೆ ಈ ಬಗೆಯದು. ಮತ್ತೊಂದು, ಲವಣದ ದ್ರಾವಣದಲ್ಲಿ ಅದ್ದಿ ಒಣಗಿಸುವುದು. ಇದು ಹಳೆಯ ದಾರಿ. ಫ್ರಾನ್ಸಿನ ವಿಜ್ಞಾನಿ ಗೇ-ಲ್ಯುಸಾಕ್ 1821ರಲ್ಲೇ ನಾಟಕಶಾಲೆಯ ಬಟ್ಟೆಗಳಿಗೆ ಅಮೋನಿಯಂ ಫಾಸ್ಫೇಟ್, ಬೊರಾಕ್ಸ್ ಬಳಸುವ ಬಗೆ ಹೇಳಿದ್ದರು. ಆದರೆ ನೀರಿಗೆ ಹಾಕಿದರೆ ಆ ಲವಣ ತೊಳೆದುಹೋಗುತ್ತದೆ. ಒಗೆಯದ ರಂಗಪರದೆಗೆ ಅದು ಸಾಕಾಗಬಹುದು. ಆರೈಕೆ ಕೇಂದ್ರಕ್ಕೆ ಆಗುವುದಿಲ್ಲ. ಬ್ರಿಟನ್ನಿನ ಆಸ್ಪತ್ರೆ ಲಾಂಡ್ರಿಗಳಲ್ಲಿ ರೋಗಾಣು ಸಾಯಲು 71 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 3 ನಿಮಿಷ ಒಗೆಯುವ ಕ್ರಮ ಇದೆ. ಅಂಥ ಒಗೆತ ಮತ್ತೆ ಮತ್ತೆ ಆಗುತ್ತಿರುತ್ತದೆ. ಪರದೆ ನೋಡಲು ಮೊದಲಿನ ಹಾಗೇ ಇರುತ್ತದೆ, ಗುಣ ಮಾತ್ರ ಹೋಗಿರುತ್ತದೆ. ಕಣ್ಣಿಗೆ ಕಾಣದ ಇದನ್ನು ಲೇಬಲ್ಲೇ ಹೇಳಬೇಕು.

‘ಅಂತರ್ಗತ’, ‘ಸ್ಥಾಯಿ’, ‘ಅಸ್ಥಾಯಿ’ ಅಂತ ಅನುವಾದ ಮಾಡಿದರೆ ಲಾಂಡ್ರಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ‘ಮದ್ದು ಹಾಕಿದ ಬಟ್ಟೆ’ ಅನ್ನಲು ಆಸೆಯಾಯಿತು, ಆದರೆ ಬೆಂಕಿಯ ಪಕ್ಕದಲ್ಲಿ ಮದ್ದು ಅಂದರೆ ಸಿಡಿಮದ್ದೇ ನೆನಪಾಗುತ್ತದೆ. ಸದ್ಯಕ್ಕೆ ನಾನು ಬರೆದಿರುವುದು ‘ನೂಲಲ್ಲೇ ಇರುವ’, ‘ಒಗೆತಕ್ಕೆ ನಿಲ್ಲುವ’, ‘ಒಗೆದರೆ ಹೋಗುವ’. ಎರಡನೆಯದಕ್ಕೆ ಒಂದು ಷರತ್ತೂ ಇದೆ. ಕ್ಲೋರಿನ್ ಬ್ಲೀಚ್ ಹಾಕಿದರೆ ಗುಣ ಕೆಡುತ್ತದೆ. ಗಡಸು ನೀರಲ್ಲಿ ಸೋಪು ಬಳಸಿದರೆ ಅದರ ಜಿಡ್ಡು ಬಟ್ಟೆಯ ಮೇಲೆ ಕೂತು ಅದೇ ಉರಿಯುತ್ತದೆ. ಹಾಗಾಗಿ ‘ಒಗೆತಕ್ಕೆ ನಿಲ್ಲುವ’ ಅಂದರೆ ಹೇಗೆ ಬೇಕಾದರೂ ಒಗೆಯಬಹುದು ಅಂತ ಆಗಿಬಿಡಬಾರದು. ಇದಕ್ಕಿಂತ ಬಿಗಿಯಾದ ಮಾತು ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ. ದರ್ಜಿ ಅಥವಾ ಲಾಂಡ್ರಿ ಕೆಲಸದವರ ಜೊತೆ ಒಡನಾಟ ಇರುವವರು ಅವರ ಬಾಯಲ್ಲಿ ಓಡಾಡುವ ಮಾತನ್ನು ಕೇಳಿ ತಿಳಿಸಿದರೆ ಇನ್ನೂ ಒಳ್ಳೆಯದು. ಲೇಬಲ್ ಮೇಲೆ ಎರಡು ಸಾಲಿಗಿಂತ ಜಾಸ್ತಿ ಜಾಗ ಇಲ್ಲ.